ನೀರು ಮೊದಲು, ಬೆಟ್ಟ ಆಮೇಲೆ: ದುಜಿಯಾಂಗ್‌ಯಾನ್ ಊರು ಮತ್ತು ಚಿಂಗ್‌ಚೆಂಗ್ ಬೆಟ್ಟದ ತಾವೊ ಗುಡಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡುವಿಗೆ ಬಂದ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಒಂದೇ ದಿನದಲ್ಲಿ ಎರಡು ಜಾಗ ಮುಗಿಸುತ್ತಾರೆ. ಬೆಳಿಗ್ಗೆ ಚಿಂಗ್‌ಚೆಂಗ್ ಬೆಟ್ಟದ ತಾವೊ ಗುಡಿಗಳು (ತಾವೊ ಎಂದರೆ ಚೀನಾದಲ್ಲೇ ಹುಟ್ಟಿದ ಒಂದು ಹಳೆಯ ಚಿಂತನೆ, ಧರ್ಮ), ಮಧ್ಯಾಹ್ನ ದುಜಿಯಾಂಗ್‌ಯಾನ್‌ನ ಹಳೆಯ ನೀರಾವರಿ, ಕತ್ತಲಾಗುವಷ್ಟರಲ್ಲಿ ವಾಪಸ್. ಟೂರ್ ಬಸ್ಸಿನವರಿಗೆ ಇದು ಅನುಕೂಲ. ನೋಡುವವರಿಗೆ ಮಾತ್ರ ಮೊಣಕಾಲು ನೋವು ಮತ್ತು ಫೋನಿನ ತುಂಬ ಮಂಜಿನ ಫೋಟೋಗಳಷ್ಟೇ ಸಿಗುತ್ತವೆ.

ನನ್ನ ಸಲಹೆ ಬೇರೆ. ದುಜಿಯಾಂಗ್‌ಯಾನ್ ಊರಿನಲ್ಲೇ ಎರಡು ರಾತ್ರಿ ಉಳಿಯಿರಿ. ಮೊದಲ ದಿನ ನೀರು ನೋಡಿ, ಎರಡನೇ ದಿನ ಬೆಟ್ಟ ಹತ್ತಿ. ಈ ಕ್ರಮಕ್ಕೆ ಕಾರಣವಿದೆ. ಎದುರು ನಿಲ್ಲದೆ, ತಗ್ಗು ಹುಡುಕಿಕೊಂಡು ಹರಿಯುವ ನೀರನ್ನು ತಾವೊ ಚಿಂತನೆ ಮತ್ತೆ ಮತ್ತೆ ಮಾದರಿಯಾಗಿ ಎತ್ತಿಕೊಳ್ಳುತ್ತದೆ. ಅದು ಕಲ್ಲುಮಣ್ಣಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಹೊಳೆಯ ದಡದಲ್ಲಿ ನೋಡಿಕೊಂಡು ಹೋದರೆ ಬೆಟ್ಟದ ಗುಡಿಗಳು ಬರೀ ಕೆಂಪು ಕಂಬ, ವಾಲು ಮಾಡುಗಳಾಗಿ ಉಳಿಯುವುದಿಲ್ಲ. ಹಾಗೆಂದು ಈ ನೀರಾವರಿಯನ್ನು ತಾವೊ ಸನ್ಯಾಸಿಗಳು ಕಟ್ಟಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲಸ ಶುರುವಾದದ್ದು ಕ್ರಿ.ಪೂ. 256ರ ಸುಮಾರಿಗೆ. ತಾವೊ ಒಂದು ಸಂಘಟಿತ ಧರ್ಮವಾಗಿ ಈ ಸೀಮೆಯಲ್ಲಿ ತಲೆಯೆತ್ತಿದ್ದು ಅದಾದ ಸುಮಾರು ನಾಲ್ಕು ಶತಮಾನಕ್ಕೆ. ನೀರಾವರಿ ಮತ್ತು ಬೆಟ್ಟ ಎರಡೂ ಸೇರಿ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಬಂದವು.

ಯಾವಾಗ ಹೋಗಬೇಕು

ಮಾರ್ಚ್ ಕೊನೆಯಿಂದ ಮೇ, ಮತ್ತೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್. ನವೆಂಬರ್‌ನಲ್ಲಿ ಗಿಂಕೊ ಮರಗಳು ಹಳದಿ ತಿರುಗುತ್ತವೆ, ಅದಕ್ಕೇ ಹೋಗಬಹುದು. ಜುಲೈ, ಆಗಸ್ಟ್‌ನಲ್ಲಿ ಮಳೆ ಜೋರು. ಚಳಿಗಾಲದಲ್ಲಿ ಹಿಮ ಅಪರೂಪ, ಆದರೆ ತೇವದ ಚಳಿ ಎಲುಬಿಗೆ ಇಳಿಯುತ್ತದೆ.

ತಪ್ಪಿಸಲೇಬೇಕಾದ ದಿನಗಳು: ಅಕ್ಟೋಬರ್ 1ರಿಂದ ಶುರುವಾಗುವ ರಾಷ್ಟ್ರೀಯ ರಜಾ ವಾರ, ಮೇ 1ರ ಆಸುಪಾಸು, ಚೀನೀ ಹೊಸವರ್ಷ. ಆಗ ಬೆಟ್ಟದ ಮೆಟ್ಟಿಲ ಮೇಲೆ ಸರತಿ ನಿಲ್ಲಬೇಕಾಗುತ್ತದೆ. ಏಪ್ರಿಲ್ 4–5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ಹಬ್ಬದಲ್ಲೂ ಜನ ತುಂಬುತ್ತಾರೆ. ಆದರೆ ದುಜಿಯಾಂಗ್‌ಯಾನ್‌ನಲ್ಲಿ ಹೊಲಗಳಿಗೆ ನೀರು ಬಿಡುವ ಹಬ್ಬ ಆಗಲೇ ನಡೆಯುವುದರಿಂದ, ಆ ಗದ್ದಲವನ್ನು ಸಹಿಸಿಕೊಳ್ಳಬಹುದು ಎನ್ನುವ ಗುಂಪಿಗೆ ನಾನು ಸೇರುತ್ತೇನೆ.

ಹೊರಡುವ ಮುನ್ನ: ವೀಸಾ, ಹಣ, ಫೋನು

ಭಾರತೀಯ ಪಾಸ್‌ಪೋರ್ಟ್‌ಗೆ ಚೀನಾದ ಪ್ರವಾಸಿ ವೀಸಾ ಮೊದಲೇ ಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮುನ್ನ ವೀಸಾ ಕೇಂದ್ರದ ಅಂದಿನ ಪಟ್ಟಿಯನ್ನೇ ನೋಡಿ. ಅಮೆರಿಕದ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ಒಂದು ಸುಲಭದ ದಾರಿ ಇದೆ. ಚೀನಾದ ಮೂಲಕ ಮೂರನೇ ದೇಶಕ್ಕೆ ಹೋಗುವವರಿಗೆ ವೀಸಾ ಇಲ್ಲದೆ ಗರಿಷ್ಠ 240 ಗಂಟೆ ತಂಗಲು 2024ರ ಡಿಸೆಂಬರ್‌ನಿಂದ ಅವಕಾಶ ಕೊಟ್ಟಿದ್ದಾರೆ, ಚೆಂಗ್ಡು ಆ ಪಟ್ಟಿಯಲ್ಲಿದೆ. ಅಮೆರಿಕದಿಂದ ಊರಿಗೆ ಬರುವಾಗ ದಾರಿಯಲ್ಲಿ ಇಳಿದು ನೋಡಿಕೊಂಡು ಬರಬಹುದು. ಮುಂದಿನ ವಿಮಾನದ ಟಿಕೆಟ್ ಕೈಯಲ್ಲಿರಬೇಕು, ಬಂದ ದೇಶಕ್ಕೇ ಮರಳುವ ಟಿಕೆಟ್ ನಡೆಯುವುದಿಲ್ಲ. ಬೆಂಗಳೂರಿನಿಂದ ಹೊರಡುವವರು ಬ್ಯಾಂಕಾಕ್, ಸಿಂಗಪುರ, ಕ್ವಾಲಾಲಂಪುರ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಿ ಚೆಂಗ್ಡು ತಲುಪಬಹುದು.

ಹಣದ ವಿಷಯದಲ್ಲಿ ಚೀನಾ ನಮಗಿಂತ ಹೆಚ್ಚೇ ಫೋನಿಗೆ ಅಂಟಿಕೊಂಡಿದೆ. ಅಲಿಪೇ ಮತ್ತು ವೀಚಾಟ್, ಎರಡೂ ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಾರ್ಡನ್ನು ಜೋಡಿಸಿಡಿ. ಕಾರ್ಡಿನ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿರಬೇಕು, ಒಟಿಪಿ ಬರುವ ಸಿಮ್ ಜೊತೆಗಿರಬೇಕು. ಕಾರ್ಡು ಕೈಕೊಟ್ಟರೆ ಇರಲಿ ಎಂದು ಕೆಲವು ನೂರು ಯುವಾನ್ ನೋಟುಗಳೂ ಜೇಬಿನಲ್ಲಿರಲಿ.

ಗೂಗಲ್, ವಾಟ್ಸಾಪ್, ಜಿಮೇಲ್ ಯಾವುದೂ ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ. ಭಾರತದ ಸಿಮ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರೆ ಸಾಮಾನ್ಯವಾಗಿ ಎಲ್ಲವೂ ಓಡುತ್ತವೆ, ಏಕೆಂದರೆ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕವೇ ಹೋಗುತ್ತದೆ. ಹೋಟೆಲಿನ ವಿಳಾಸ, ಗುಡಿಗಳ ಹೆಸರು, ಊಟದ ಕಟ್ಟುನಿಟ್ಟು, ಇಷ್ಟನ್ನು ಚೀನೀ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡಿ. ನಮ್ಮ ಉಚ್ಚಾರಣೆ ಟ್ಯಾಕ್ಸಿಯವರಿಗೆ ಅರ್ಥವಾಗುವುದು ಕಷ್ಟ, ಬರಹ ತೋರಿಸಿದರೆ ತಕ್ಷಣ ತಲೆಯಾಡಿಸುತ್ತಾರೆ.

ಚೆಂಗ್ಡುವಿನಿಂದ ಊರಿಗೆ

ಚೆಂಗ್ಡುವಿಗೆ ಶ್ವಾಂಗ್‌ಲಿಯು ಮತ್ತು ಥ್ಯೆನ್‌ಫು ಎಂಬ ಎರಡು ವಿಮಾನ ನಿಲ್ದಾಣಗಳಿವೆ. ಟಿಕೆಟ್‌ನಲ್ಲಿ ಯಾವುದೆಂದು ನೋಡಿಕೊಳ್ಳಿ. 2021ರಲ್ಲಿ ತೆರೆದ ಥ್ಯೆನ್‌ಫು ನಗರದಿಂದ ಬಹಳ ದೂರ. ಎರಡರಿಂದಲೂ ಮೆಟ್ರೊ ಇದೆ. ಮೆಟ್ರೊ ಬದಲಿಸುತ್ತ ನಗರದ ವಾಯವ್ಯದಲ್ಲಿರುವ ಶೀಪು ನಿಲ್ದಾಣ ತಲುಪಿ (2ನೇ ಮತ್ತು 6ನೇ ಮಾರ್ಗಗಳು ಅಲ್ಲಿಗೆ ಹೋಗುತ್ತವೆ). ಅಲ್ಲಿಂದ ದುಜಿಯಾಂಗ್‌ಯಾನ್ ಮತ್ತು ಚಿಂಗ್‌ಚೆಂಗ್‌ಶಾನ್ ಕಡೆಗೆ ವೇಗದ ರೈಲು, ಸುಮಾರು ಅರ್ಧ ಗಂಟೆಯ ಹಾದಿ. ಟಿಕೆಟ್‌ಗೆ ಪಾಸ್‌ಪೋರ್ಟ್ ಬೇಕು. 12306 ಎಂಬ ರೈಲ್ವೆ ಆ್ಯಪ್‌ನಲ್ಲಿ ವಿದೇಶಿಯರೂ ನೋಂದಾಯಿಸಿಕೊಳ್ಳಬಹುದು. ಶನಿವಾರ ಬೆಳಿಗ್ಗೆ ಸೀಟು ಸಿಗುವುದು ಕಷ್ಟ.

ಈ ರೈಲು ಮಾರ್ಗ ಶುರುವಾದದ್ದು 2010ರ ಮೇ 12ರಂದು. ದಿನಾಂಕ ಆರಿಸಿಕೊಂಡದ್ದೇ ಹಾಗೆ. ಸರಿಯಾಗಿ ಎರಡು ವರ್ಷ ಹಿಂದೆ, 2008ರ ಮೇ 12ರ ಮಧ್ಯಾಹ್ನ, ವೆನ್‌ಚುವಾನ್ ಭೂಕಂಪ ಈ ಊರನ್ನು ನೆಲಕ್ಕೆ ಕೆಡವಿತ್ತು. ಇವತ್ತು ನೀವು ಕಾಣುವ ಬೀದಿಗಳಲ್ಲಿ ಎಷ್ಟೋ ಭಾಗ, ಗುಡಿಗಳ ಎಷ್ಟೋ ಮಾಡುಗಳು, ಆಮೇಲೆ ಮತ್ತೆ ಕಟ್ಟಿದವು. ‘ಪುರಾತನ’ ಎಂಬ ಫಲಕ ಕಂಡಾಗ ಇದು ನೆನಪಿರಲಿ.

ಉಳಿಯಲು ಹಳೆಯ ಪೇಟೆಯ ಹತ್ತಿರ, ದಕ್ಷಿಣ ಸೇತುವೆಗೆ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹುಡುಕಿ. ಹೋಟೆಲಿನವರು ಪಾಸ್‌ಪೋರ್ಟ್ ವಿವರವನ್ನು ಪೊಲೀಸ್ ವ್ಯವಸ್ಥೆಗೆ ದಾಖಲಿಸಬೇಕು. ಸಣ್ಣ ಮನೆತಂಗುದಾಣಗಳಿಗೆ ಇದು ಅಭ್ಯಾಸವಿರುವುದಿಲ್ಲ, ಆದ್ದರಿಂದ ಬುಕ್ ಮಾಡುವಾಗಲೇ ‘ವಿದೇಶಿ ಪಾಸ್‌ಪೋರ್ಟ್’ ಎಂದು ಸಂದೇಶ ಕಳಿಸಿ ಉತ್ತರ ಪಡೆಯಿರಿ.

ಮೊದಲ ದಿನ: ಅಣೆಕಟ್ಟೇ ಇಲ್ಲದ ನೀರಾವರಿ

ಎಲ್ಲರೂ ಊರಿಗೆ ಹತ್ತಿರವಿರುವ ಲೀದ್ವೆ ಉದ್ಯಾನದ ಬಾಗಿಲಿನಿಂದ ಒಳಹೊಕ್ಕು, ನೀರಿಗೆ ಎದುರಾಗಿ ನಡೆದು, ಕೊನೆಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾರೆ. ನೀವು ತಿರುಗಿಸಿ ಮಾಡಿ. ಟ್ಯಾಕ್ಸಿ ಹಿಡಿದು ಮೇಲಿನ ಚಿನ್‌ಯಾನ್ ಗೋಪುರದ ಬಾಗಿಲಿಗೆ ಹೋಗಿ. ಅಲ್ಲಿಂದ ಇಡೀ ವ್ಯವಸ್ಥೆ ನಕ್ಷೆಯಂತೆ ಕೆಳಗೆ ಹರಡಿರುತ್ತದೆ, ಮುಂದಿನ ದಾರಿಯೆಲ್ಲ ಇಳಿಜಾರು, ನೀರಿನ ಜೊತೆಜೊತೆಗೇ. ಪ್ರವೇಶ ಶುಲ್ಕ ಸುಮಾರು 80 ಯುವಾನ್, ಪಾಸ್‌ಪೋರ್ಟ್ ಜೊತೆಗಿರಲಿ.

ಗೋಪುರದ ಮೇಲೆ ಹತ್ತು ನಿಮಿಷ ನಿಂತು ಇದನ್ನು ಗುರುತಿಸಿ. ಬೆಟ್ಟಗಳಿಂದ ಮಿನ್ ನದಿ ಇಳಿದು ಬರುತ್ತದೆ. ಹೊಳೆಯ ನಡುವೆ ಮೀನಿನ ಮೂತಿಯಂಥ ಚೂಪು ದಿಬ್ಬ, ಅದನ್ನು ‘ಮೀನ್ಬಾಯಿ’ ಎಂದೇ ಕರೆಯುತ್ತಾರೆ. ಅದು ನೀರನ್ನು ಎರಡಾಗಿ ಸೀಳುತ್ತದೆ. ಒಂದು ಕವಲು ಹೊರಹೊಳೆ, ಅದು ಮೂಲ ನದಿ. ಇನ್ನೊಂದು ಒಳಹೊಳೆ, ಹೊಲಗಳಿಗೆ ಹೋಗುವುದು. ಒಳಹೊಳೆಯನ್ನು ಕಿರಿದಾಗಿ, ಆಳವಾಗಿ ತೋಡಿದ್ದಾರೆ. ಹೊರಹೊಳೆ ಅಗಲ, ಆಳ ಕಡಿಮೆ. ಹಾಗಾಗಿ ಚಳಿಗಾಲ, ವಸಂತದಲ್ಲಿ ನೀರು ತಗ್ಗಿದಾಗ ಸುಮಾರು ಹತ್ತರಲ್ಲಿ ಆರು ಪಾಲು ಒಳಗೆ ಹೋಗುತ್ತದೆ. ಪ್ರವಾಹ ಬಂದಾಗ ಲೆಕ್ಕ ತಿರುಗಿ ಆರು ಪಾಲು ಹೊರಗೆ ಹೋಗುತ್ತದೆ. ಇದಕ್ಕೆ ಮೂಲದಲ್ಲಿ ಬಾಗಿಲು, ಯಂತ್ರ, ಕಾವಲುಗಾರ ಯಾರೂ ಬೇಕಿರಲಿಲ್ಲ. ಹೊಳೆಯ ತಿರುವಿನಲ್ಲಿ ಈ ಸೀಳು ಇರುವುದರಿಂದ ಮೇಲಿನ ತಿಳಿನೀರು ಒಳಗಡೆಗೆ, ತಳದ ಮರಳು ಕಲ್ಲಿನ ಹೆಚ್ಚು ಪಾಲು ಹೊರಗಡೆಗೆ ಸರಿಯುತ್ತದೆ. ಇದನ್ನು ಮಾಡಿಸಿದವನು ಚಿನ್ ರಾಜ್ಯದ ಅಧಿಕಾರಿ ಲೀ ಬಿಂಗ್.

ಗೋಪುರದಿಂದ ಇಳಿದರೆ ಅರ್ವಾಂಗ್ ಗುಡಿ, ಅಂದರೆ ಲೀ ಬಿಂಗ್ ಮತ್ತು ಅವನ ಮಗನ ಗುಡಿ. ಇದು ತಾವೊ ಗುಡಿಯೇ. ಒಬ್ಬ ನೀರಾವರಿ ಅಧಿಕಾರಿ ಇಲ್ಲಿ ದೇವರಾಗಿ ಕೂತಿದ್ದಾನೆ. ಮಂಡ್ಯದ ಮನೆಗಳ ಗೋಡೆಯ ಮೇಲೆ ದೇವರ ಪಟದ ಪಕ್ಕ ವಿಶ್ವೇಶ್ವರಯ್ಯನವರ ಪಟ ನೋಡಿದವರಿಗೆ ಇದು ವಿಚಿತ್ರವೆನಿಸದು. ಗುಡಿಯ ಗೋಡೆಯ ಬರಹಗಳನ್ನು ತಪ್ಪಿಸಬೇಡಿ. ಅಲ್ಲಿ ಮಂತ್ರ, ಸ್ತೋತ್ರಗಳಿಗಿಂತ ಹೆಚ್ಚು ಗಮನ ಸೆಳೆಯುವುದು ಹೂಳೆತ್ತುವ ಸೂತ್ರ: ಹೊಳೆಯ ತಳ ಆಳ ತೋಡು, ಒಡ್ಡು ತಗ್ಗಾಗಿ ಕಟ್ಟು. ಇನ್ನೊಂದು ಕಡೆ: ತಿರುವಿದ್ದಲ್ಲಿ ಮೂಲೆ ಕಡಿ, ನೇರವಿದ್ದಲ್ಲಿ ನಡುವನ್ನು ತೋಡು. ಪ್ರತಿ ವರ್ಷ ನೀರು ಕಡಿಮೆಯಿದ್ದಾಗ ಹೊಳೆ ಕಟ್ಟಿ ಹೂಳೆತ್ತುವ ಕೆಲಸಕ್ಕೆ ಬಂದವರು ಓದಲೆಂದು ಕೊರೆದದ್ದು. ಎಷ್ಟು ಆಳ ತೋಡಬೇಕು ಎಂಬ ಗುರುತಿಗೆ ಒಳಹೊಳೆಯ ತಳದಲ್ಲಿ ಕಬ್ಬಿಣದ ದಿಮ್ಮಿಗಳನ್ನು ಹೂತಿದ್ದಾರೆ. ಅವು ಕಾಣುವ ತನಕ ತೋಡಬೇಕು.

ಗುಡಿಯ ಕೆಳಗೆ ಆನ್‌ಲಾನ್ ತೂಗುಸೇತುವೆ. ಹಿಂದೆ ಬಿದಿರಿನ ಹುರಿಯಲ್ಲಿ ನೇಯ್ದದ್ದು, ಈಗ ಉಕ್ಕಿನ ಹಗ್ಗ. 1974ರಲ್ಲಿ ಹೊರಹೊಳೆಗೆ ಬಾಗಿಲುಗಳನ್ನು ಕೂರಿಸುವಾಗ ಸೇತುವೆಯನ್ನು ಸ್ವಲ್ಪ ಕೆಳಕ್ಕೆ ಸರಿಸಿದರು. ಮೇಲ್ಗಡೆ 2006ರಲ್ಲಿ ಮುಗಿದ ತ್ಸಿಪಿಂಗ್‌ಪು ಅಣೆಕಟ್ಟೂ ಇದೆ. ಎರಡು ಸಾವಿರ ವರ್ಷ ಹಳೆಯ ವ್ಯವಸ್ಥೆ ಮುಟ್ಟದೆ ಹಾಗೇ ಓಡುತ್ತಿದೆ ಎಂಬ ಗೈಡುಗಳ ಮಾತು ಅಷ್ಟು ನಿಜವಲ್ಲ ಎಂದು ಇದರಿಂದ ತಿಳಿಯುತ್ತದೆ. ಹಾಗಂತ ಬೆರಗು ಕಡಿಮೆಯಾಗುವುದೂ ಇಲ್ಲ. ಈಗಲೂ ಚೆಂಗ್ಡು ಬಯಲಿನ ಆರು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರು ಹೋಗುವುದು ಇಲ್ಲಿಂದಲೇ.

ಸೇತುವೆ ದಾಟಿ ಮೀನ್ಬಾಯಿಯ ತುದಿಯಲ್ಲಿ ನಿಂತು, ನಂತರ ದಿಬ್ಬದ ಉದ್ದಕ್ಕೆ ಕೆಳಗೆ ನಡೆಯಿರಿ. ಬಲಕ್ಕೆ ‘ಹಾರುಮರಳಿನ ಒಡ್ಡು’ ಸಿಗುತ್ತದೆ. ಸುಮಾರು ಎರಡು ಮೀಟರ್ ಎತ್ತರ ಅಷ್ಟೇ, ನೋಡಲು ಏನೂ ಇಲ್ಲ ಎನಿಸುತ್ತದೆ. ಆದರೆ ಒಳಹೊಳೆಗೆ ನೀರು ಮಿತಿಮೀರಿ ಬಂದಾಗ ಸುಳಿ ತಿರುಗಿ, ಹೆಚ್ಚಿನ ನೀರೂ ಮರಳೂ ಈ ತಗ್ಗು ಒಡ್ಡನ್ನು ಹಾರಿ ಹೊರಹೊಳೆಗೆ ಬೀಳುತ್ತದೆ. ಗೋಡೆಯಲ್ಲಿ ಓದಿದ ‘ಒಡ್ಡು ತಗ್ಗಾಗಿ ಕಟ್ಟು’ ಎಂಬುದು ಇದೇ. ಅದಕ್ಕೂ ಮುಂದೆ ‘ಶೀಶೆಯ ಕೊರಳು’: ಬೆಟ್ಟವನ್ನೇ ಕಡಿದು ಮಾಡಿದ, ಇಪ್ಪತ್ತು ಮೀಟರ್ ಆಸುಪಾಸು ಅಗಲದ ಕಿರುದಾರಿ. ಸಿಡಿಮದ್ದು ಇಲ್ಲದ ಕಾಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು ಬಿರಿಯುವಂತೆ ಮಾಡಿ ಒಡೆದರು ಎಂದು ಹೇಳುತ್ತಾರೆ. ನೀರು ಇಲ್ಲಿ ಬೋರ್ಗರೆಯುತ್ತದೆ, ಮಕ್ಕಳ ಕೈ ಬಿಡಬೇಡಿ.

ಕಡಿದಾಗ ಬೇರ್ಪಟ್ಟ ಗುಡ್ಡದ ತುಂಡಿನ ಮೇಲೆ ಫುಲುಂಗ್ ಗುಡಿ. 1974ರಲ್ಲಿ ಹೊಳೆಯ ತಳದಿಂದ ಸಿಕ್ಕ ಲೀ ಬಿಂಗ್‌ನ ಕಲ್ಲಿನ ಮೂರ್ತಿ ಇದರೊಳಗಿದೆ, ಕ್ರಿ.ಶ. 168ರಲ್ಲಿ ಕೆತ್ತಿದ್ದು ಎಂದು ಅದರ ಮೇಲೇ ಬರೆದಿದೆ. ಇಷ್ಟಕ್ಕೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ.

ಹೊರಗೆ ಬಂದರೆ ದಕ್ಷಿಣ ಸೇತುವೆ, ಚಾವಣಿ ಇರುವ ಸೇತುವೆ. ರಾತ್ರಿ ನೀರಿಗೆ ನೀಲಿ ದೀಪ ಬಿಡುತ್ತಾರೆ, ಫೋಟೋ ತೆಗೆಯುವವರಿಂದ ಕಾಲಿಡಲು ಜಾಗವಿರುವುದಿಲ್ಲ. ನನಗೆ ಅದಕ್ಕಿಂತ ಸೇತುವೆಯಿಂದ ತುಸು ಕೆಳಗಿನ ಚಹಾದಂಗಡಿಗಳು ಇಷ್ಟ. ಬಿದಿರು ಕುರ್ಚಿ, ಮುಚ್ಚಳದ ಪಿಂಗಾಣಿ ಬಟ್ಟಲು, ಒಮ್ಮೆ ದುಡ್ಡು ಕೊಟ್ಟರೆ ಬಿಸಿನೀರು ಸುರಿಯುತ್ತಲೇ ಇರುತ್ತಾರೆ, ಏಳಿ ಎಂದು ಯಾರೂ ಹೇಳುವುದಿಲ್ಲ.

ಎರಡನೇ ದಿನ: ಚಿಂಗ್‌ಚೆಂಗ್ ಮುಂಬೆಟ್ಟ

ಬೆಟ್ಟ ಊರಿಂದ ಸುಮಾರು 16 ಕಿ.ಮೀ. ಟ್ಯಾಕ್ಸಿ ಹಿಡಿಯಿರಿ, ಅಥವಾ ರೈಲಿನಲ್ಲಿ ಚಿಂಗ್‌ಚೆಂಗ್‌ಶಾನ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಬಸ್ಸು ಹತ್ತಿ. ಎಂಟು ಗಂಟೆಯೊಳಗೆ ಬಾಗಿಲಲ್ಲಿರಿ. ಗಮನಿಸಿ: ‘ಮುಂಬೆಟ್ಟ’ ಮತ್ತು ‘ಹಿಂಬೆಟ್ಟ’ ಎಂದು ಎರಡಿವೆ, ಟಿಕೆಟ್ ಬೇರೆ, ಬಾಗಿಲು ಬೇರೆ, ನಡುವೆ ದೂರವೂ ಇದೆ. ತಾವೊ ಗುಡಿಗಳಿರುವುದು ಮುಂಬೆಟ್ಟದಲ್ಲಿ. ಟ್ಯಾಕ್ಸಿಯವರಿಗೆ ಇದನ್ನು ಬರಹದಲ್ಲೇ ತೋರಿಸಿ. ಶುಲ್ಕ ಇಲ್ಲೂ 80 ಯುವಾನ್ ಆಸುಪಾಸು, ಕೇಬಲ್ ಕಾರಿಗೆ ಬೇರೆ.

ತುದಿ ಸುಮಾರು 1,260 ಮೀಟರ್ ಎತ್ತರದಲ್ಲಿದೆ. ಕಲ್ಲಿನ ಮೆಟ್ಟಿಲು, ಪಾಚಿ, ಆಗಾಗ ಜಿನುಗುಮಳೆ. ಜಾರದ ಶೂ ಬೇಕೇ ಬೇಕು. ಸ್ಪಷ್ಟ ನೋಟಕ್ಕಾಗಿ ಈ ಬೆಟ್ಟಕ್ಕೆ ಬರಬೇಡಿ. ಚೀನೀಯರು ಇದನ್ನು ಹೊಗಳುವುದೇ ಅದರ ಮಬ್ಬು ಹಸಿರು ಏಕಾಂತಕ್ಕೆ.

ಮೊಣಕಾಲಿಗೆ ಹಿತವಾದ ದಾರಿ ಹೀಗಿದೆ. ಬಾಗಿಲ ಬಳಿಯ ಜಿಯಾನ್‌ಫು ಗುಡಿಯನ್ನು ಮೊದಲು ನೋಡಿ, 394 ಅಕ್ಷರಗಳ ಉದ್ದದ ಜೋಡಿಸಾಲಿನ ಪದ್ಯ ಅಲ್ಲಿದೆ. ಮುಂದೆ ದಾರಿ ಕವಲೊಡೆದಾಗ ಯುಯೆಚೆಂಗ್ ಕೆರೆಯ ಕಡೆ ತಿರುಗಿ. ಪುಟ್ಟ ದೋಣಿಯಲ್ಲಿ ಕೆರೆ ದಾಟಿದರೆ ಕೇಬಲ್ ಕಾರು ಸಿಗುತ್ತದೆ. ಅದು ಶಾಂಗ್‌ಚಿಂಗ್ ಗುಡಿಯ ಹತ್ತಿರ ಇಳಿಸುತ್ತದೆ. ಅಲ್ಲಿಂದ ತುದಿಗೆ ಹತ್ತಿ, ಇಳಿಯುವಾಗ ಕೇಬಲ್ ಕಾರು ಬಿಟ್ಟು ಥ್ಯೆನ್‌ಶೀ ಗವಿಯ ಕಡೆಯ ಕಾಲುದಾರಿ ಹಿಡಿಯಿರಿ. ನೋಡುತ್ತ, ಕೂರುತ್ತ ಹೋದರೆ ಐದು ಗಂಟೆ ಬೇಕು. ಪೂರ್ತಿ ನಡೆದೇ ಹತ್ತುವವರು ಇನ್ನೂ ಒಂದೂವರೆ ಗಂಟೆ ಸೇರಿಸಿಕೊಳ್ಳಿ.

ಶಾಂಗ್‌ಚಿಂಗ್ ಗುಡಿಯ ಹೆಸರಿನ ಫಲಕ ಅಂದಿನ ಚೀನಾದ ನಾಯಕ ಚಿಯಾಂಗ್ ಕೈಶೆಕ್‌ನ ಕೈಬರಹ. ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಚಿತ್ರಕಾರ ಚಾಂಗ್ ತಾ‌ಚ್ಯೆನ್ ಕುಟುಂಬ ಸಮೇತ ಇಲ್ಲೇ ಇದ್ದು ಚಿತ್ರ ಬರೆದ. ಅಂಗಳದಲ್ಲಿ ಜೋಡಿ ಬಾವಿಗಳಿವೆ, ಒಂದು ಚೌಕ, ಒಂದು ದುಂಡು. ತುದಿಯ ಲಾವೊಚುನ್ ಗೋಪುರ ಹೊಸ ಕಟ್ಟಡ. ದಣಿದಿದ್ದರೆ ಅದನ್ನು ಬಿಟ್ಟರೂ ನಷ್ಟವಿಲ್ಲ.

ಬಿಡಬಾರದ್ದು ಥ್ಯೆನ್‌ಶೀ ಗವಿ. ಇದೇ ಈ ಬೆಟ್ಟದ ಗರ್ಭ. ಚಾಂಗ್ ದಾವೊಲಿಂಗ್ ಎಂಬವನು ಕ್ರಿ.ಶ. 142ರಲ್ಲಿ ಸಿಚುವಾನಿನ ಬೆಟ್ಟವೊಂದರಲ್ಲಿ, ತಾವೊ ಚಿಂತನೆಯ ಮೂಲಪುರುಷ ಎನ್ನಲಾಗುವ ಲಾವೊತ್ಸು ತನಗೆ ದರ್ಶನ ಕೊಟ್ಟನೆಂದು ಸಾರಿ ಒಂದು ಪಂಥ ಕಟ್ಟಿದ. ಸೇರಿದವರು ಐದು ಅಳತೆ ಅಕ್ಕಿ ಕೊಡಬೇಕಿದ್ದರಿಂದ ಜನ ಅದನ್ನು ಐದಳತೆ ಅಕ್ಕಿಯ ಪಂಥವೆಂದೇ ಕರೆದರು. ಅವನು ತಪಸ್ಸು ಮಾಡಿದ್ದು ಈ ಗವಿಯಲ್ಲಿ ಎಂಬುದು ನಂಬಿಕೆ. ಅಂಗಳದ ದೈತ್ಯ ಗಿಂಕೊ ಮರವನ್ನು ಅವನೇ ನೆಟ್ಟನಂತೆ. ಹತ್ತಿರದ ಬಂಡೆಯ ಸೀಳೊಂದನ್ನು ತೋರಿಸಿ, ದೆವ್ವ ಓಡಿಸುವ ಯಂತ್ರ ಬರೆದು ಅವನು ಕುಂಚ ಎಸೆದಾಗ ಆದದ್ದು ಎನ್ನುತ್ತಾರೆ.

ಇದೇ ಗುಡಿಯಲ್ಲಿ ಒಂದು ಶಿಲಾಶಾಸನ ಹುಡುಕಿ. ತಾಂಗ್ ರಾಜವಂಶದ ಕಾಲದಲ್ಲಿ ಬೌದ್ಧ ಭಿಕ್ಷುಗಳು ಈ ಜಾಗವನ್ನು ತಮ್ಮದಾಗಿಸಿಕೊಂಡಿದ್ದರು. ಜಗಳ ರಾಜಧಾನಿಗೆ ಹೋಯಿತು. 724ರಲ್ಲಿ ಸಾಮ್ರಾಟ ಶುವಾನ್‌ತ್ಸುಂಗ್, ಗುಡಿ ತಾವೊ ಪಂಥದವರಿಗೆ ಮರಳಲಿ, ಬೌದ್ಧ ವಿಹಾರ ಬೆಟ್ಟದ ಹೊರಗಿರಲಿ ಎಂದು ಆಜ್ಞೆ ಮಾಡಿದ. ಆ ಆಜ್ಞೆ ಕಲ್ಲಿನಲ್ಲಿ ಉಳಿದಿದೆ. ಗುಡಿಯ ಹಕ್ಕಿನ ತಕರಾರು, ಅರಸನ ತೀರ್ಪು, ಅದನ್ನು ಕಲ್ಲಿಗೆ ಹಾಕಿಸುವುದು: ಶಾಸನ ಓದುವ ಕನ್ನಡಿಗರಿಗೆ ಇದರಲ್ಲಿ ಹೊಸತೇನಿಲ್ಲ.

ಗುಡಿಯೊಳಗೆ ನಡೆದುಕೊಳ್ಳುವ ರೀತಿ

ಚಪ್ಪಲಿ ಬಿಚ್ಚಬೇಡಿ. ನಮ್ಮವರ ಕೈ ತಾನಾಗಿ ಶೂ ಲೇಸಿಗೆ ಹೋಗುತ್ತದೆ, ಅಲ್ಲಿ ಎಲ್ಲರೂ ಮೆಟ್ಟಿಕೊಂಡೇ ಒಳಗೆ ಹೋಗುತ್ತಾರೆ. ಆದರೆ ಹೊಸ್ತಿಲು ತುಳಿಯಬಾರದು, ದಾಟಬೇಕು. ಇಷ್ಟು ನಮಗೆ ಹೊಸದಲ್ಲ. ನಡುಬಾಗಿಲು ಬಿಟ್ಟು ಪಕ್ಕದಿಂದ ಹೋಗುವುದು ಮರ್ಯಾದೆ. ಊದುಬತ್ತಿ ಮೂರು ಸಾಕು, ಬಾಯಿಂದ ಊದಿ ಆರಿಸಬೇಡಿ. ನಮಸ್ಕರಿಸುವಾಗ ಎಡಗೈ ಬಲಗೈ ಮೇಲೆ ಬರುವಂತೆ ಕೈ ಸೇರಿಸುತ್ತಾರೆ. ನೀವು ನಮ್ಮ ರೀತಿ ಕೈ ಮುಗಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಅರ್ಚನೆಯ ಚೀಟಿ, ತೀರ್ಥಪ್ರಸಾದ ಹುಡುಕಬೇಡಿ.

ಜುಟ್ಟು ಕಟ್ಟಿ ನೀಲಿ ನಿಲುವಂಗಿ ತೊಟ್ಟವರು ತಾವೊ ಸನ್ಯಾಸಿಗಳು, ಹೆಂಗಸರೂ ಇದ್ದಾರೆ. ‘ದಾವೊಚಾಂಗ್’ ಎಂದು ಕರೆಯಿರಿ. ಅವರ ವಯಸ್ಸು ಕೇಳುವುದು ಅಸಭ್ಯ. ಕೇಳದೆ ಫೋಟೋ ತೆಗೆಯಬೇಡಿ, ದೇವರ ಮೂರ್ತಿಯನ್ನಂತೂ ಬೇಡವೇ ಬೇಡ. ಹಣೆಬರಹ ಓದುತ್ತೇನೆ ಎಂದು ಯಾರಾದರೂ ದಾರಿಯಲ್ಲಿ ಕೈ ಹಿಡಿದರೆ ನಗುತ್ತಲೇ ಮುಂದೆ ಹೋಗಿ.

ಸಸ್ಯಾಹಾರಿಗಳಿಗೆ

ಸಿಚುವಾನಿನಲ್ಲಿ ತರಕಾರಿಗೂ ಹಂದಿಕೊಬ್ಬು ಹಾಕುವುದುಂಟು, ತೋಫುವಿನ ಮೇಲೆ ಮಾಂಸದ ಪುಡಿ ಉದುರಿಸುವುದುಂಟು. ‘ವೊ ಛ್ರ್ ಸು’ ಅಂದರೆ ‘ನಾನು ಸಸ್ಯಾಹಾರಿ’. ಆದರೆ ಮಾತಿಗಿಂತ ಬರಹ ಮೇಲು. ಮಾಂಸ, ಮೀನು, ಮೊಟ್ಟೆ, ಪ್ರಾಣಿಕೊಬ್ಬು, ಮಾಂಸದ ಸಾರು ಬೇಡ ಎಂದು ಒಂದೊಂದಾಗಿ ಹೆಸರಿಸಿದ ಚೀನೀ ಬರಹ ಫೋನಿನಲ್ಲಿರಲಿ. ಬೆಟ್ಟದ ಸನ್ಯಾಸಿಗಳು ಸಸ್ಯಾಹಾರಿಗಳು. ಗುಡಿಯಲ್ಲಿ ಮಧ್ಯಾಹ್ನ ಊಟ ಸಿಗುತ್ತಿದೆಯೇ ಎಂದು ಹತ್ತೂವರೆಯೊಳಗೆ ವಿಚಾರಿಸಿಕೊಳ್ಳಿ. ಸಿಕ್ಕರೆ ಅನ್ನ, ಪಲ್ಯ, ಹೆಸರುವಾಸಿಯಾದ ತಾವೊ ಉಪ್ಪಿನಕಾಯಿ. ಇದು ನಮ್ಮ ಎಣ್ಣೆ ಖಾರದ್ದಲ್ಲ, ಉಪ್ಪುನೀರಿನಲ್ಲಿ ಹುಳಿಬರಿಸಿದ್ದು. ಬೆಟ್ಟದ ಇನ್ನೊಂದು ಹೆಸರಾಂತ ಅಡುಗೆ ಗಿಂಕೊ ಬೀಜದ ಸಾರು, ಅದರಲ್ಲಿ ಕೋಳಿ ಇರುತ್ತದೆ.

ನಾಲಿಗೆ ಜುಮ್ಮೆನಿಸುವ ಹ್ವಾಜ್ಯಾವ್ ಕಾಳಿಗೆ ಹೆದರಬೇಡಿ. ನಮ್ಮ ಮಲೆನಾಡು, ಕರಾವಳಿಯ ಜುಮ್ಮನಕಾಯಿಯ ಕುಲದ್ದೇ ಅದು. ಮೀನುಸಾರಿಗೆ ಅದನ್ನು ಹಾಕುವ ಮನೆಯವರಿಗೆ ಮೊದಲ ತುತ್ತಿಗೇ ಗುರುತು ಸಿಗುತ್ತದೆ.

ಮೂರನೇ ದಿನ ಕೈಯಲ್ಲಿದ್ದರೆ

ಕಾಲಿನಲ್ಲಿ ಬಲವಿದ್ದವರು ಹಿಂಬೆಟ್ಟಕ್ಕೆ ಹೋಗಿ. ಗುಡಿ ಕಡಿಮೆ, ಕಣಿವೆ, ತೊರೆ, ಮರದ ಕಾಲುದಾರಿಗಳೇ ಹೆಚ್ಚು. ಬುಡದಲ್ಲಿ ಥಾಯ್‌ಆನ್ ಎಂಬ ಹಳೆಯ ಪೇಟೆ. ಜೋರು ಮಳೆಯಿದ್ದರೆ ಕಣಿವೆಯ ದಾರಿ ಮುಚ್ಚುತ್ತಾರೆ, ಹೊರಡುವ ಮುನ್ನ ಹೋಟೆಲಿನವರಿಂದ ಫೋನ್ ಮಾಡಿಸಿ. ಮಕ್ಕಳಿದ್ದರೆ ಹಿಂಬೆಟ್ಟ ಬಿಟ್ಟು, ದುಜಿಯಾಂಗ್‌ಯಾನ್‌ನಲ್ಲೇ ಇರುವ ಪಾಂಡಾ ಕೇಂದ್ರಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಅವು ಚುರುಕಾಗಿರುವುದು ಬಿದಿರು ತಿನ್ನುವ ಬೆಳಗಿನ ಹೊತ್ತಿನಲ್ಲಿ, ಮಧ್ಯಾಹ್ನಕ್ಕೆ ಮಲಗಿಬಿಡುತ್ತವೆ. ವಾಪಸು ರೈಲಿನ ಟಿಕೆಟನ್ನು ಹಿಂದಿನ ರಾತ್ರಿಯೇ ತೆಗೆದಿಡಿ. ಭಾನುವಾರ ಸಂಜೆ ಚೆಂಗ್ಡುವಿನವರೆಲ್ಲ ಒಟ್ಟಿಗೆ ಮನೆಗೆ ಹೊರಡುತ್ತಾರೆ, ನಿಂತು ಹೋಗಲೂ ಟಿಕೆಟ್ ಸಿಗದಿರಬಹುದು.